ನಾಮಫಲಕದ ಬೆಲೆಯೂ ಏಣಿಯ ಬೆಲೆಯೂ

ಹೈದರಾಬಾದಿನ ಅಬಿಡ್ಸ್ ಬಡಾವಣೆಗೆ ಆ ಹೆಸರು ಬಂದುದು ಒಂದು ಅಂಗಡಿಯಿಂದ. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಸೇವೆಯಲ್ಲಿದ್ದ ಆಲ್ಬರ್ಟ್ ಅಬಿಡ್ ಎಂಬವರು ಇಲ್ಲಿ ನಡೆಸಿದ ಮಳಿಗೆ ಕಾಲಗರ್ಭದಲ್ಲಿ ಅಡಗಿಹೋದರೂ, ಅದರ ಹೆಸರು ಮಾತ್ರ ಇಡೀ ಬಡಾವಣೆಯದಾಗಿ ಉಳಿಯಿತು. ವಾಣಿಜ್ಯದಲ್ಲಿ ಹೆಸರಿಗಿರುವ ಬೆಲೆಗೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ. ಆದರೆ ಆ ಹೆಸರನ್ನು ಹಲಗೆಯ ಮೇಲೆ ಮೂಡಿಸಿ, ಎತ್ತರದ ಗೋಡೆಗೆ ಏರಿಸಿ ನಿಲ್ಲಿಸುವ ಸಣ್ಣ ಉದ್ಯಮಿಯ ಲೆಕ್ಕಪುಸ್ತಕವನ್ನು ತೆರೆದು ನೋಡುವವರು ವಿರಳ.

ಈ ನಗರದಲ್ಲಿ ನಾಮಫಲಕದ ಕೆಲಸ ಹಿಂದಿನಿಂದಲೂ ಬಹುಭಾಷೆಯ ಕೆಲಸ. ನಿಜಾಮರ ಕಾಲದ ನೋಟುಗಳ ಮೇಲೆಯೇ ಉರ್ದು ಹಾಗೂ ಇಂಗ್ಲಿಷಿನೊಡನೆ ತೆಲುಗು, ಮರಾಠಿ, ಕನ್ನಡ ಅಕ್ಷರಗಳಿದ್ದವು. ಬಲದಿಂದ ಎಡಕ್ಕೆ ಸಾಗುವ ಉರ್ದುವನ್ನೂ ದುಂಡನೆಯ ತೆಲುಗನ್ನೂ ಒಂದೇ ಹಲಗೆಯ ಮೇಲೆ ಹೊಂದಿಸಬೇಕಾದ ಕಲಾವಿದನಿಗೆ ಅಳತೆಯ ಪ್ರಜ್ಞೆ ಅಗತ್ಯ. ಕನ್ನಡ ಬರೆದು ಪಳಗಿದ ಕೈಗೆ ತೆಲುಗು ಬೇಗ ಒಲಿಯುತ್ತದೆ. ತಲೆಕಟ್ಟಿನ ತಿರುವನ್ನು ಅರಿತರೆ ಅರ್ಧ ಕೆಲಸ ಮುಗಿದಂತೆ.

ಕಾಲ ಬದಲಾಯಿತು. ತಗಡಿನ ಮೇಲಿನ ಎನಾಮಲ್ ಬಣ್ಣದ ಸ್ಥಾನಕ್ಕೆ ನಿಯಾನ್ ದೀಪ, ಬಳಿಕ ಫ್ಲೆಕ್ಸ್, ಈಗ ಅಲ್ಯೂಮಿನಿಯಂ ಹಾಳೆಯ ಮೇಲೆ ಎಲ್‌ಇಡಿ ಅಕ್ಷರಗಳು ಬಂದಿವೆ. ಕುಂಚದ ಕೆಲಸವನ್ನು ಗಣಕಯಂತ್ರ ಕಸಿದುಕೊಂಡಿತೆಂದು ಮರುಗುವವರು ಬಹಳ. ಆ ಮರುಕದಲ್ಲಿ ಸತ್ಯವಿದೆ. ಆದರೆ ಯಂತ್ರವು ಅಕ್ಷರವನ್ನು ಕತ್ತರಿಸಿಕೊಟ್ಟಿತೇ ಹೊರತು ಏಣಿಯನ್ನು ಏರಲಿಲ್ಲ. ಗೋಡೆಗೆ ನೇರವಾಗಿ ಬಳಿದ ಬಣ್ಣಕ್ಕೆ ಭಾರವೆಂಬುದಿರಲಿಲ್ಲ. ಇಂದಿನ ಫಲಕಕ್ಕೆ ಕಬ್ಬಿಣದ ಚೌಕಟ್ಟು, ವಿದ್ಯುತ್ ತಂತಿ, ಬೋಲ್ಟುಗಳು ಬೇಕು. ತಯಾರಿಕೆ ಸುಲಭವಾದಷ್ಟೂ ಅಳವಡಿಕೆ ಕಠಿಣವಾಯಿತು. ಆದರೂ ದರವನ್ನು ಇಂದಿಗೂ ಚದರಡಿಗೆ ಇಷ್ಟೆಂದೇ ಹೇಳಲಾಗುತ್ತಿದೆ. ಈ ಉದ್ಯಮದ ಮೂಲರೋಗ ಇದೇ ಎಂದರೆ ತಪ್ಪಾಗಲಾರದು.

ಉದಾಹರಣೆಗೆ, 20 ಅಡಿ ಉದ್ದ, 4 ಅಡಿ ಎತ್ತರದ ಒಂದು ಫಲಕವನ್ನು ತೆಗೆದುಕೊಳ್ಳಬಹುದು. ಚದರಡಿಗೆ ರೂ. 400ರಂತೆ 80 ಚದರಡಿಗೆ ರೂ. 32,000. ಇದರಲ್ಲಿ ಸಾಮಗ್ರಿಗೆ 18,000, ಕಾರ್ಯಾಗಾರದ ಕೂಲಿಗೆ 5,000, ಸಾಗಣೆಗೆ 1,500 ಹೋದರೆ ಉಳಿಯುವುದು 7,500. ಮೂವರು ಎರಡು ದಿನ ನಿಂತು ಅಳವಡಿಸಲು 6,000 ತಗಲಿತೆಂದರೆ, ಶೇಷ 1,500. ಗಿರಾಕಿ ಮುಂಗಡವಿಲ್ಲದೆ ಮೂರು ತಿಂಗಳು ಹಣ ತಡೆದರೆ, ತೊಡಗಿಸಿದ 30,500ಕ್ಕೆ ವರ್ಷಕ್ಕೆ ಶೇ. 12ರ ಬಡ್ಡಿ 915 ರೂಪಾಯಿ. ಕೈಯಲ್ಲಿ ಉಳಿದುದು 585. ಅಂಗಡಿಯ ಬಾಡಿಗೆ, ದೀಪದ ಖರ್ಚು, ಯಜಮಾನನ ಸಂಸಾರ, ಎಲ್ಲವೂ ಇದರಲ್ಲೇ ನಡೆಯಬೇಕು. ಈ ಅಂಕಿಗಳು ಕೇವಲ ಕಲ್ಪಿತ. ಅಂಗಡಿಯಿಂದ ಅಂಗಡಿಗೆ ಅವು ಬದಲಾಗುತ್ತವೆ. ಆದರೆ ಲೆಕ್ಕದ ನಡೆ ಬದಲಾಗುವುದಿಲ್ಲ.

ಹೀಗಿರುವಾಗ ಗಿರಾಕಿ ಇನ್ನೂ ಎರಡು ಸಾವಿರ ಇಳಿಸೆಂದು ಹಟ ಹಿಡಿದರೆ ಆ ಉದ್ಯಮಿ ಏನನ್ನು ಕಡಿತ ಮಾಡಿಯಾನು? ಹಾಳೆಯ ಬೆಲೆ ಅವನ ಕೈಯಲ್ಲಿಲ್ಲ, ತೆರಿಗೆಯೂ ಇಲ್ಲ. ಕಡಿತವಾಗುವುದು ಏಣಿಯ ಬುಡವನ್ನು ಹಿಡಿದು ನಿಲ್ಲುವ ಮೂರನೆಯ ಆಳು. ಬಾಡಿಗೆಗೆ ತರಬೇಕಾದ ಅಟ್ಟಣೆ. ಮೈಗೆ ಬಿಗಿಯುವ ರಕ್ಷಾಪಟ್ಟಿ. ಗಿರಾಕಿಗೆ ಸಿಕ್ಕ ರಿಯಾಯಿತಿಯನ್ನು ಕೊಟ್ಟವನು ಯಜಮಾನನಲ್ಲ. ಏಣಿಯ ಮೇಲಿದ್ದ ಕೂಲಿಯವನು.

ಆರೋಗ್ಯದ ದೃಷ್ಟಿಯಿಂದಲೂ ಈ ವಿಷಯ ವಿಚಾರಾರ್ಹವಾಗಿದೆ. ಒರಗಿಸಿದ ಏಣಿಗೆ ಪ್ರತಿ 4 ಅಡಿ ಎತ್ತರಕ್ಕೆ 1 ಅಡಿಯಂತೆ ಬುಡವನ್ನು ಗೋಡೆಯಿಂದ ದೂರವಿಡಬೇಕೆಂಬುದು ಸರ್ವಮಾನ್ಯ ನಿಯಮ. 20 ಅಡಿ ಎತ್ತರಕ್ಕೆ 5 ಅಡಿ ಜಾಗ ಬೇಕು. ವಾಹನ ಸಂದಣಿಯ ರಸ್ತೆಯಂಚಿನಲ್ಲಿ ಅಷ್ಟು ಜಾಗವಿಲ್ಲದೆ ಏಣಿಯನ್ನು ನೆಟ್ಟಗೆ ನಿಲ್ಲಿಸುವುದೇ ಎಷ್ಟೋ ಅಪಘಾತಗಳಿಗೆ ಕಾರಣ. ಎಲ್‌ಇಡಿ ದೀಪಗಳು ಸಾಮಾನ್ಯವಾಗಿ 12 ವೋಲ್ಟಿನಲ್ಲಿ ಉರಿಯುವುದು ನಿಜ. ಆದರೆ ಅವಕ್ಕೆ ಶಕ್ತಿ ನೀಡುವ ಪೆಟ್ಟಿಗೆಗೆ ಬರುವುದು 230 ವೋಲ್ಟು. ಭೂಸಂಪರ್ಕವಿಲ್ಲದ ಚೌಕಟ್ಟು ಮಳೆಯಲ್ಲಿ ನೆನೆದಾಗ ಮುಟ್ಟಿದವನ ಗತಿಯನ್ನು ವಿವರಿಸಬೇಕಾಗಿಲ್ಲ.

ಕುಂಚದ ಕಾಲವೂ ನಿರಪಾಯಕಾರಿಯಾಗಿರಲಿಲ್ಲ. ಹಳೆಯ ಹಳದಿ, ಕೆಂಪು ಬಣ್ಣಗಳಲ್ಲಿ ಸೀಸದ ಅಂಶ ಬಳಕೆಯಲ್ಲಿತ್ತು. ಗೃಹಬಳಕೆಯ ಹಾಗೂ ಅಲಂಕಾರಿಕ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮ ಭಾರತದಲ್ಲಿ ಜಾರಿಗೆ ಬಂದುದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಫಲಕವನ್ನು ಒಣಗಿದ್ದಂತೆಯೇ ಕೆರೆದರೆ ಏಳುವ ಧೂಳು ಇಂದಿಗೂ ವಿಷವೇ. ಅದು ನರಗಳಿಗೂ ಮೂತ್ರಪಿಂಡಕ್ಕೂ ಹಾನಿಕರ. ಬಟ್ಟೆಗೆ ಅಂಟಿ ಮನೆಯ ಮಕ್ಕಳನ್ನೂ ತಲುಪಬಲ್ಲದು. ನೀರು ಹಾಕಿ ಉಜ್ಜುವುದು, ಊಟಕ್ಕೆ ಮುಂಚೆ ಕೈ ತೊಳೆಯುವುದು, ಕೆಲಸದ ಬಟ್ಟೆಯನ್ನು ಕಾರ್ಯಾಗಾರದಲ್ಲೇ ಬಿಡುವುದು, ಇವಕ್ಕೆ ಹಣವೇನೂ ಖರ್ಚಾಗುವುದಿಲ್ಲ.

ಅಪಾಯ ಕೆಲಸಗಾರನಿಗೆ ಮಾತ್ರವೆಂದು ಭಾವಿಸುವಂತೆಯೂ ಇಲ್ಲ. 2024ರ ಮೇ 13ರಂದು ಮುಂಬಯಿಯ ಘಾಟ್‌ಕೋಪರಿನಲ್ಲಿ ಬೃಹತ್ ಜಾಹೀರಾತು ಫಲಕವೊಂದು ಬಿರುಗಾಳಿಗೆ ಉರುಳಿ 17 ಮಂದಿ ಪ್ರಾಣ ಕಳೆದುಕೊಂಡರು. ಅಂಗಡಿಯ ಫಲಕ ಅದರ ಮುಂದೆ ಅತಿ ಚಿಕ್ಕದು. ಆದರೆ ಗಾಳಿಯ ನಿಯಮ ಎರಡಕ್ಕೂ ಒಂದೇ: ವೇಗ ಇಮ್ಮಡಿಯಾದರೆ ಒತ್ತಡ ನಾಲ್ಮಡಿ. ಹಳೆಯ ಕಟ್ಟಡದ ಸುಣ್ಣದ ಗಾರೆಯಲ್ಲಿ ಬೋಲ್ಟು ಕಾಂಕ್ರೀಟಿನಲ್ಲಿ ಹಿಡಿದಂತೆ ಹಿಡಿಯದು. ಗೋಡೆಯನ್ನು ಪರೀಕ್ಷಿಸದೆ ದರ ಹೇಳುವವನು, ನಾಡಿ ನೋಡದೆ ಔಷಧಿ ಬರೆದ ವೈದ್ಯನಂತೆ.

“ಅಳವಡಿಕೆಗೆ ಬೇರೆ ಹಣ ಕೇಳಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ” ಎಂಬುದು ಉದ್ಯಮಿಯ ಉತ್ತರ. ಇದನ್ನು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಕೆಲವರು ಹೋಗಿಯೇ ಹೋಗುತ್ತಾರೆ. ಆದರೆ ಒಟ್ಟು ಮೊತ್ತದಲ್ಲಿ ಅಡಗಿದ ಖರ್ಚಿನ ಮೇಲೆ ಚೌಕಾಸಿ ಮಾಡುವುದು ಸುಲಭ. ಅಟ್ಟಣೆ, ರಕ್ಷಾಪಟ್ಟಿ, ಮೂರು ಆಳು, ಗೋಡೆಯ ಪರೀಕ್ಷೆ ಎಂದು ಸಾಲುಸಾಲಾಗಿ ಬರೆದ ಖರ್ಚಿನ ಮೇಲೆ ಚೌಕಾಸಿ ಮಾಡುವವನು, ಯಾವ ಆಳನ್ನು ಬಿಡಬೇಕೆಂದು ಬಾಯಿಬಿಟ್ಟು ಹೇಳಬೇಕಾಗುತ್ತದೆ. ಸಂಭಾವಿತನಾದ ಗಿರಾಕಿಗೆ ಆ ಮಾತು ನಾಲಿಗೆಗೆ ಬಾರದು. ಆದುದರಿಂದ ಫಲಕಕ್ಕೊಂದು ದರ, ಅಳವಡಿಕೆಗೊಂದು ದರ ಎಂದು ಪ್ರತ್ಯೇಕವಾಗಿ ಬರೆಯುವ ಪದ್ಧತಿ ಬರಬೇಕು.

ಹಣ ತಡೆಯುವ ಚಾಳಿಗೂ ಮದ್ದಿದೆ. ನೋಂದಾಯಿತ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಲಿಖಿತ ಒಪ್ಪಂದವಿದ್ದರೂ ಗರಿಷ್ಠ 45 ದಿನಗಳೊಳಗೆ ಹಣ ಸಲ್ಲಬೇಕೆಂದೂ, ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕೆಂದೂ 2006ರ ಕಾಯಿದೆ ವಿಧಿಸಿದೆ. ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ಗಿರಾಕಿಯ ಮೇಲೆ ದಾವೆ ಹೂಡುವ ಧೈರ್ಯ ಸಣ್ಣವನಿಗೆ ಬಾರದಿರಬಹುದು. ಆದರೆ ಬಿಲ್ಲಿನ ಮೇಲೆ ನೋಂದಣಿ ಸಂಖ್ಯೆಯನ್ನೂ ಪಾವತಿಯ ದಿನಾಂಕವನ್ನೂ ಮುದ್ರಿಸಲು ದಾವೆಯ ಅಗತ್ಯವಿಲ್ಲ. ಅರ್ಧದಷ್ಟು ಮುಂಗಡ ಪಡೆಯುವುದಂತೂ ಸಾಲಕ್ಕಿಂತ ಅಗ್ಗದ ಬಂಡವಾಳ.

ಕೆಲಸಗಾರರಿಗೆ ವಿಮೆ ಮಾಡಿಸುವುದೂ ಯಜಮಾನನ ಕರ್ತವ್ಯ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ 2022ರ ಜೂನ್‌ನಿಂದ ವರ್ಷಕ್ಕೆ ರೂ. 20ರ ಕಂತಿಗೆ 2 ಲಕ್ಷದ ಅಪಘಾತ ವಿಮೆ ನಿಗದಿಯಾಗಿದೆ. ಇದು ಅತ್ಯಲ್ಪ ಮೊತ್ತ. ಪರಿಹಾರದ ಹೊಣೆಯಿಂದ ಯಜಮಾನನನ್ನು ಮುಕ್ತಗೊಳಿಸುವಂಥದಲ್ಲ. ಅಲ್ಲದೆ, ವಿಮೆಯು ಬಿದ್ದ ಮೇಲೆ ಬರುತ್ತದೆ. ಏಣಿ ಹಿಡಿಯುವ ಆಳು ಬೀಳದಂತೆ ನೋಡಿಕೊಳ್ಳುತ್ತಾನೆ.

ಫಲಕದ ಮೇಲಿನ ಅಕ್ಷರಗಳ ಬಗೆಗೆ ಸರಕಾರಗಳು ಸಾಕಷ್ಟು ಚಿಂತಿಸಿವೆ. ಕರ್ನಾಟಕವು 2024ರಲ್ಲಿ ನಾಮಫಲಕಗಳಲ್ಲಿ ಶೇ. 60ರಷ್ಟು ಕನ್ನಡವಿರಬೇಕೆಂದು ಶಾಸನ ಮಾಡಿತು. ಹೊರನಾಡ ಕನ್ನಡಿಗರಿಗೂ ಅದು ಸಂತೋಷದ ಸಂಗತಿಯೇ. ಆದರೆ ಫಲಕ ಬದಲಿಸಲು ಗಡುವು ಸಮೀಪಿಸಿದಾಗಲೆಲ್ಲ ಏಣಿ ಏರುವವನ ಅವಸರವೂ ಏರುತ್ತದೆ. ಯಾವ ಲಿಪಿ, ಎಷ್ಟು ಗಾತ್ರ ಎಂದು ಕೇಳುವಷ್ಟೇ ಆಸ್ಥೆಯಿಂದ, ಯಾವ ಬೋಲ್ಟು, ಎಷ್ಟು ಆಳು ಎಂದೂ ಕೇಳಬೇಕಾಗಿದೆ.

ಈ ಪ್ರಶ್ನೆಯನ್ನು ಮೊದಲು ಕೇಳಬಲ್ಲವನು ಅಧಿಕಾರಿಯಲ್ಲ, ಗಿರಾಕಿ. ಈ ನಗರದ ಕನ್ನಡಿಗರಲ್ಲಿ ಹೋಟೆಲು, ಔಷಧದಂಗಡಿ, ಚಿಕಿತ್ಸಾಲಯಗಳನ್ನು ನಡೆಸುವವರಿದ್ದಾರೆ. ಅವರು ಮುಂದಿನ ಬಾರಿ ಫಲಕ ಮಾಡಿಸುವಾಗ ಚದರಡಿಯ ದರ ಕೇಳುವುದಕ್ಕೆ ಮುಂಚೆ “ಮೇಲೆ ಹತ್ತುವವರು ಎಷ್ಟು ಮಂದಿ, ಕೆಳಗೆ ಹಿಡಿಯುವವರು ಯಾರು?” ಎಂದು ವಿಚಾರಿಸಲಿ. ಉತ್ತರ ಸಮರ್ಪಕವಾಗಿದ್ದರೆ, ಎರಡು ಸಾವಿರ ಹೆಚ್ಚಾದರೂ ಆ ಅಂಗಡಿಗೇ ಕೆಲಸ ಕೊಡಲಿ.