ಬದುವಿನ ಆಚೆಯ ರಾಗಿ

"ನಮ್ಮ ಜಮೀನು, ನಮ್ಮಿಷ್ಟ" ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನಂದಗುಡಿಯ ಬಳಿ ನಮ್ಮ ತವರಿನ ಎರಡೆಕರೆ ಹೊಲಕ್ಕೆ ಎಂಬತ್ತರ ದಶಕದಲ್ಲಿ ಅಪ್ಪ ನೀಲಗಿರಿ ಹಾಕಿಸಿದರು. ಉಳುವುದು, ಕಳೆ ತೆಗೆಯುವುದು ತಪ್ಪಿತು. ಕೆಲವು ವರ್ಷಕ್ಕೊಮ್ಮೆ ಕಡಿದರೆ ಕೈಗೆ ಕಾಸು. ನನ್ನ ಬಿ.ಎಡ್. ಫೀಸೂ ಆ ಮರದಿಂದಲೇ ಬಂತು. ಹಾಗಾಗಿ ಜಗಳ ನನ್ನ ಮನೆಯಿಂದಲೇ ಶುರುವಾಗಬೇಕು.

ಬದುವಿನ ಆಚೆಯ ಹೊಲದಾಕೆ ರಾಗಿ ಬಿತ್ತುತ್ತಿದ್ದರು. ನಡುಹೊಲದಲ್ಲಿ ಮೊಣಕಾಲು ದಾಟಿದ ಪೈರು ನಮ್ಮ ಬದುವಿನ ಪಕ್ಕ ಗೇಣುದ್ದಕ್ಕೇ ನಿಂತು ಹಳದಿಯಾಗುತ್ತಿತ್ತು. "ನಿಮ್ ಮರ ನಮ್ ರಾಗೀನ ತಿಂದಾಕ್ತಾವೆ ಕಣಮ್ಮ" ಎಂದಾಗ ಅಪ್ಪ ನಕ್ಕರು. ನಾನೂ ನಕ್ಕೆ.

ಆ ಮರ ನೀರು ಹೀರುತ್ತದೆಂದು ಎಲ್ಲರೂ ಬಲ್ಲರು. ಅಷ್ಟೇ ಅಲ್ಲ, ಉದುರಿದ ಎಲೆಯ ರಸ ಮಳೆಯಲ್ಲಿ ತೊಳೆದು ಮಣ್ಣಿಗಿಳಿದು ಪಕ್ಕದ ಬೀಜದ ಮೊಳಕೆಯನ್ನೂ ಎಳೆಬೇರನ್ನೂ ತಡೆಯುತ್ತದೆ. ಆಸ್ಟ್ರಿಯಾದ ವಿಜ್ಞಾನಿ ಹಾನ್ಸ್ ಮೋಲಿಶ್ 1937ರಲ್ಲಿ ಇಂಥದ್ದಕ್ಕೆ ಅಲೆಲೋಪತಿ ಎಂದು ಹೆಸರಿಟ್ಟರು. ಶಾಲೆಯಲ್ಲಿ ಮಕ್ಕಳೊಂದಿಗೆ ಎರಡು ತಟ್ಟೆಯಲ್ಲಿ ರಾಗಿ ನೆನೆಹಾಕಿ ನೋಡಿದೆ. ಬರೀ ನೀರಿನದು ಬಿಳಿ ಬೇರು ಬಿಟ್ಟಿತು. ನೀಲಗಿರಿ ಎಲೆ ನೆನೆಸಿದ ನೀರಿನದು ಮೊಂಡು ಮೊಳಕೆಯಲ್ಲೇ ನಿಂತಿತು. ಆ ದಿನ ಮಾತ್ರ ನನಗೆ ನಗು ಬರಲಿಲ್ಲ.

ಜೋಳದ ಬೇರೂ ಪಕ್ಕದ ಗಿಡಗಳಿಗಾಗದ ರಸ ಒಸರುತ್ತದೆ. ಆದರೆ ಜೋಳ ಕೆಲವೇ ತಿಂಗಳಲ್ಲಿ ಕೊಯ್ಲಾಗುತ್ತದೆ. ನೀಲಗಿರಿ ನಲವತ್ತು ವರ್ಷ ಕೂತಿತು. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು ಇಡುತ್ತಿದ್ದ ನಮ್ಮಜ್ಜಿಗೆ ಯಾರ ಪಕ್ಕ ಯಾರನ್ನು ಕೂರಿಸಬೇಕೆಂದು ಗೊತ್ತಿತ್ತು. ಬಿ.ಎ. ಓದಿದ ನನಗೆ ಗೊತ್ತಿರಲಿಲ್ಲ.

ಎಚ್ಚರಿಸಿದವರಿರಲಿಲ್ಲವೇ? 1983ರಲ್ಲೇ ತುಮಕೂರು ಜಿಲ್ಲೆಯಲ್ಲಿ ರೈತ ಸಂಘದವರು ಅರಣ್ಯ ಇಲಾಖೆಯ ನರ್ಸರಿಗೆ ಹೋಗಿ ನೀಲಗಿರಿ ಸಸಿ ಕಿತ್ತೆಸೆದಿದ್ದರು. ಸರ್ಕಾರ ಹೊಸದಾಗಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ! ಅದೂ ಹೊಸ ಸಸಿಗೆ. ಕಡಿದ ಬೊಡ್ಡೆ ತಾನೇ ಚಿಗುರಿಕೊಳ್ಳುತ್ತದಲ್ಲ, ಅದಕ್ಕೇನು ಮಾಡೋಣ?

ಪೇಟೆಯಲ್ಲಿದ್ದು ತವರಿನ ಪಾಲು ಕೇಳುವ ಅಕ್ಕತಂಗಿಯರೇ, ಕೇಳಿ, ಅದು ನಮ್ಮ ಹಕ್ಕು. ಆದರೆ ಆ ಪಾಲಿನಲ್ಲಿ ಬೊಡ್ಡೆಯೂ ಸೇರಿದೆ. ಬೆಲೆ ಬಂದಾಗ ಮಾರೋಣವೆಂದು ಬೀಗ ಹಾಕಿದ ಮನೆಯಂತೆ ಬಿಟ್ಟ ಹೊಲದ ಬಾಡಿಗೆಯನ್ನು ಪಕ್ಕದವರ ರಾಗಿ ಕಟ್ಟುತ್ತಿದೆ.

ಬೊಡ್ಡೆ ಕೀಳಿಸಲು ಜೆಸಿಬಿ ಬಾಡಿಗೆಯಲ್ಲಿ ನನ್ನ ಪಾಲು ಕೊಟ್ಟಿದ್ದೇನೆ. ತಮ್ಮನದು ಇನ್ನೂ ಬಂದಿಲ್ಲ.