ಬೈಯುವುದಕ್ಕಾದರೂ ಕನ್ನಡದಲ್ಲಿ ತೋರಿಸಿ

‘ಅವತಾರ್: ದಿ ವೇ ಆಫ್ ವಾಟರ್’ 2022ರ ಡಿಸೆಂಬರ್ 16ರಂದು ಭಾರತದಲ್ಲಿ ತೆರೆಕಂಡಾಗ ಅದಕ್ಕೆ ಕನ್ನಡದ ಅವತರಣಿಕೆಯೂ ಇತ್ತು. ರಾಯಚೂರಿನ ಟಾಕೀಸೊಂದರಲ್ಲಿ ನಾನು ನೋಡಿದ್ದು ಮಾತ್ರ ತೆಲುಗಿನಲ್ಲಿ. ಕನ್ನಡದ್ದು ಯಾಕಿಲ್ಲ ಎಂದು ಕೇಳಿದರೆ, ‘ಇಲ್ಲಿ ತೆಲುಗೇ ಓಡೋದು ಸರ್’ ಎಂದರು ಟಾಕೀಸಿನವರು. ಹಾಕಿ ನೋಡದೆ ಹೇಳಿದ ಈ ಮಾತನ್ನು ನಾನು ಒಪ್ಪುವುದಿಲ್ಲ.

ಚಿತ್ರದ ಬಗ್ಗೆ ನನಗೆ ಎರಡು ಮನಸ್ಸು. ನಿರ್ದೇಶಕ ಜೇಮ್ಸ್ ಕ್ಯಾಮರೂನ್ ಕಟ್ಟಿದ ಕಡಲಿಗೆ ಸಾಟಿಯಿಲ್ಲ. ಮುಪ್ಪು ತಡೆಯುವ ಒಂದಿಷ್ಟು ದ್ರವಕ್ಕಾಗಿ ತುಲ್ಕುನ್ ಎಂಬ ತಿಮಿಂಗಿಲದಂಥ ಜೀವಿಯನ್ನು ಕೊಂದು, ಉಳಿದ ದೇಹವನ್ನು ಹಾಗೇ ಬಿಟ್ಟುಹೋಗುವ ದೃಶ್ಯ ಹೊಟ್ಟೆ ಕಲಕುತ್ತದೆ. ಆದರೆ ಕಥೆ? ಮೊದಲ ಭಾಗದಲ್ಲಿ ಸತ್ತ ಖಳನೇ ಮತ್ತೆ ಎದ್ದುಬರುತ್ತಾನೆ, ನಾಯಕ ಜೇಕ್‌ನ ಅವೇ ಮಕ್ಕಳು ಮತ್ತೆ ಮತ್ತೆ ಸೆರೆ ಸಿಗುತ್ತಾರೆ. ಆಶ್ರಯ ಬೇಡಿ ಬಂದ ಜೇಕ್‌ನ ಹುಡುಕಾಟದಲ್ಲಿ ಶತ್ರುಗಳು ಕಡಲ ಜನರ ಊರು ಸುಡುತ್ತಾರೆ. ಸುಟ್ಟ ಊರಿನವರು ಜೇಕ್‌ನನ್ನು ಏನೆಂದು ಕೇಳಬೇಕು? ಚಿತ್ರ ಆ ಪ್ರಶ್ನೆಗೆ ನಿಲ್ಲುವುದೇ ಇಲ್ಲ. ಕೊನೆಯ ಕಾಳಗಕ್ಕೆ ಬಂದ ಕಡಲ ಜನ ನಡುವೆಯೇ ಪರದೆಯಿಂದ ಕಾಣೆ. ಇನ್ನು ಚಿತ್ರದ ಹೆಸರಲ್ಲೇ ಇರುವ ನೀರು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿರುವ ಮಾನ್ವಿಯ ರೈತನಿಗೆ ನೀರೆಂದರೆ ಮೊದಲು ಪಾಲಿನ ಪ್ರಶ್ನೆ. ಯಾರಿಗೆ ಎಷ್ಟು, ಮೇಲಿನವರು ಬಿಟ್ಟರೆ ಉಂಟು. ಮೂರು ಗಂಟೆ ಮೀರಿದ ಈ ಚಿತ್ರದಲ್ಲಿ ನೀರು ಪವಿತ್ರವಷ್ಟೇ, ಪಾಲಿನ ಮಾತೇ ಇಲ್ಲ.

ಈ ಜಗಳವನ್ನು ನಾನು ಚಿತ್ರದೊಡನೆ ಆಡಬಲ್ಲೆ, ನನಗೆ ತೆಲುಗು ಬರುತ್ತದೆ. ಕನ್ನಡ ಮಾಧ್ಯಮದಲ್ಲಿ ವಿಜ್ಞಾನ ಓದುವ, ತೆಲುಗು ಬಾರದ ದೇವದುರ್ಗದ ಹುಡುಗಿ ಯಾಕೆ ಬರೀ ಬಣ್ಣ ನೋಡಿ ಮನೆಗೆ ಹೋಗಬೇಕು?

ಈ ಸ್ಥಿತಿಗೆ ಹಳೆಯ ಬೇರಿದೆ. 1960ರ ದಶಕದಲ್ಲಿ ಸಾಹಿತಿ ಅ.ನ.ಕೃ., ನಟ ರಾಜ್‌ಕುಮಾರ್ ಅವರು ಪರಭಾಷಾ ಚಿತ್ರಗಳ ಕನ್ನಡ ಡಬ್ಬಿಂಗ್ ವಿರುದ್ಧ ನಿಂತದ್ದಕ್ಕೆ ಗಟ್ಟಿ ಕಾರಣವಿತ್ತು. ಕನ್ನಡ ಚಿತ್ರೋದ್ಯಮ ಆಗ ಇನ್ನೂ ಮದ್ರಾಸಿನ ನೆರಳಲ್ಲಿತ್ತು, ಕಲಾವಿದರ ಅನ್ನದ ಪ್ರಶ್ನೆ ಅದು. ಆದರೆ ಆ ವಿರೋಧದಿಂದ ಹುಟ್ಟಿದ ಅಘೋಷಿತ ನಿಷೇಧ ದಶಕಗಟ್ಟಲೆ ಮುಂದುವರಿದು, ಗಡಿ ಜಿಲ್ಲೆಯ ಪ್ರೇಕ್ಷಕನನ್ನು ಪರಭಾಷೆಯ ಕೈಗೆ ಒಪ್ಪಿಸಿತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ತಡೆ ತಪ್ಪೆಂದು ಆದೇಶಿಸಿತು. 2017ರಲ್ಲಿ ಕನ್ನಡಕ್ಕೆ ಡಬ್ ಆದ ‘ಸತ್ಯದೇವ್ ಐಪಿಎಸ್’ ಬಂದು ಬಾಗಿಲು ತೆರೆಯಿತು. ಹಾಗಿದ್ದೂ ಡಬ್ಬಿಂಗ್ ಕನ್ನಡ ಸಂಸ್ಕೃತಿಯನ್ನು ಕೊಲ್ಲುತ್ತದೆ ಎನ್ನುವವರಿದ್ದಾರೆ. ಅವರು ಒಮ್ಮೆ ರಾಯಚೂರಿಗೆ ಬಂದು ಟಾಕೀಸುಗಳ ಮುಂದಿನ ಪೋಸ್ಟರ್ ಓದಲಿ.

‘ದಿ ವೇ ಆಫ್ ವಾಟರ್’ ಚಿತ್ರದ ಆರಂಭದಲ್ಲೇ ಜೇಕ್, ತಾನು ಸೇರಿಕೊಂಡ ನಾವಿ ಜನರ ನುಡಿ ತನ್ನ ಕಿವಿಗೆ ಈಗ ತಾಯ್ನುಡಿಯ ಹಾಗೇ ಕೇಳುತ್ತದೆ ಎನ್ನುತ್ತಾನೆ. ಅಲ್ಲಿಂದಾಚೆ ಅವರೆಲ್ಲ ಪ್ರೇಕ್ಷಕನ ಭಾಷೆಯಲ್ಲೇ ಮಾತಾಡುತ್ತಾರೆ. ರಾಯಚೂರಿನ ಪ್ರೇಕ್ಷಕನ ಭಾಷೆ ಯಾವುದು ಎಂದು ತೀರ್ಮಾನಿಸುವವರು ವಿತರಕರೇ? ಇನ್ನು ಮುಂದೆ ಇಂಥ ಚಿತ್ರ ಬಂದಾಗ ದಿನಕ್ಕೊಂದು ಆಟವನ್ನಾದರೂ ಕನ್ನಡಕ್ಕೆ ಕೊಡಿ, ಅದೂ ಸಂಜೆಯ ಆಟ. ಎರಡು ವಾರ ಓಡಿಸಿ. ಆಮೇಲೂ ಕುರ್ಚಿ ಖಾಲಿ ಉಳಿದರೆ ಆ ಲೆಕ್ಕ ನಮ್ಮ ಮುಂದಿಡಿ.