ಕದ್ರಿಯಲ್ಲಿ ಕೈಮುಗಿತ, ಬಸ್‌ಸ್ಟ್ಯಾಂಡಿನಲ್ಲಿ ಗುಮಾನಿ

ಮಂಗಳೂರಿನ ಕದ್ರಿಯಲ್ಲಿ ನಾಥ ಪಂಥದ ಜೋಗಿ ಮಠ ಇದೆ. 12 ವರ್ಷಕ್ಕೊಮ್ಮೆ ನಾಸಿಕ್ ಬಳಿಯ ತ್ರ್ಯಂಬಕೇಶ್ವರದಿಂದ ನಾಥ ಸಾಧುಗಳ ಝುಂಡಿ ಇಲ್ಲಿಗೆ ನಡೆದು ಬರುತ್ತದೆ. 2016ರಲ್ಲೂ ಬಂದಿತ್ತು. ಜಟೆ ಬಿಟ್ಟ ಸಾಧು ಕಂಡರೆ ನಾವು ಕೈಮುಗಿಯುತ್ತೇವೆ.

ಅದೇ ಜಟೆಯನ್ನು ನಮ್ಮೂರ ಹುಡುಗ 'ಡ್ರೆಡ್‌ಲಾಕ್ಸ್' ಅಂತ ಬಿಟ್ಟರೆ? 'ಗಾಂಜಾ ಗಿರಾಕಿ' ಅನ್ನುತ್ತೇವೆ. ಕೂದಲು ಒಂದೇ, ನೋಡುವ ಕಣ್ಣು ಎರಡು!

ಗಾಂಜಾ ಸಿಕ್ಕರೆ ಹಿಡಿಯಲಿ, ಅದಕ್ಕೆ ಕಾನೂನಿದೆ. ಕೂದಲು ಯಾವ ಅಪರಾಧಕ್ಕೂ ಸಾಕ್ಷಿಯಲ್ಲ.

'ಗಲೀಜು' ಅನ್ನುತ್ತೀರಾ? ತೊಳೆಯದಿದ್ದರೆ ಕ್ರಾಪೂ ನಾರುತ್ತದೆ.

ಜಟೆ ಬಿಟ್ಟ ಹುಡುಗರೇ, ನಿಮಗೂ ಒಂದು ಮಾತು. ಸೋಮಾರಿಗಳಿಗೆ ಇದು ಆಗಿಬರುವುದಿಲ್ಲ. ವಾರಕ್ಕೊಮ್ಮೆಯಾದರೂ ಶಾಂಪೂ ಹಾಕಿ ಬುಡ ತಿಕ್ಕಿ, ನೊರೆ ಪೂರ್ತಿ ಹೋಗುವಂತೆ ತೊಳೆಯಿರಿ. ಒಂದೊಂದೇ ಎಳೆ ಹಿಂಡಿ, ಫ್ಯಾನಿನ ಕೆಳಗೆ ಒಣಗಿಸಿ. ಕರಾವಳಿಯ ಮಳೆಗಾಲದಲ್ಲಿ ಉದ್ದ ಜಟೆ ಬೇಗ ಒಣಗುವುದಿಲ್ಲ. ಒದ್ದೆಯಲ್ಲೇ ಕಟ್ಟಿ ಮಲಗಿದರೆ ಒಳಗೆ ಬೂಷ್ಟು ಹಿಡಿಯುತ್ತದೆ. ಯಾವಾಗಲೂ ಬಿಗಿಯಾಗಿ ಎಳೆದು ಕಟ್ಟಿದರೆ ಹಣೆಯಂಚಿನ ಕೂದಲೇ ಉದುರುತ್ತದೆ.

ಇಷ್ಟು ಜತನ ಮಾಡುವವನನ್ನು ಪೋಲಿ ಅನ್ನುವುದು ಯಾವ ನ್ಯಾಯ? ಕೆಲಸ ಕೊಡುವವರು ಕೆಲಸ ನೋಡಲಿ, ಹೆಣ್ಣು ಕೊಡುವವರು ಗುಣ ನೋಡಲಿ. ತಲೆಗೂದಲನ್ನು ಅವನ ಪಾಡಿಗೆ ಬಿಡಿ.